ಪಕ್ಕದ ಮನೆಗೆ ಹೋದ ಒಂಟೆ

"ನಾಳೆ ಬಿಟ್ಟು ಆಚೆ ಸೋಮವಾರದಿಂದ ಗಲ್ಲಾದ ಕುರ್ಚಿ ನನ್ನದು! ಬೇಕಾದರೆ ಬರೆದಿಟ್ಟುಕೋ!"

ಭಾನುವಾರ ರಾತ್ರಿ ಮನೆಯ ಹಾಲ್‌ನ ನಟ್ಟನಡುವೆ ನಿಂತು, ಸೊಂಟದ ಮೇಲೆ ಎರಡೂ ಕೈಯಿಟ್ಟು, ದಂಡಯಾತ್ರೆಗೆ ಹೊರಟ ಚಕ್ರವರ್ತಿಯ ಠೀವಿಯಲ್ಲಿ ಕಣ್ಣಳತೆ ಹೀಗೆಂದು ಘೋಷಿಸಿದಾಗ ಅವನ ಹೆಂಡತಿ ದಿಂಬಿಗೆ ಕವರು ತೊಡಿಸುತ್ತಿದ್ದಳು.

"ಬರೆದಿಡೋಕೆ ಪೆನ್ನೆಲ್ಲಿದೆ? ನೀವೇ ಕಿವಿಗೆ ಸಿಕ್ಕಿಸ್ಕೊಂಡು ಹೋಗಿ ಕಳೆದು ಬಂದ್ರಲ್ಲ."

"ಪೆನ್ನು ಹೋದರೆ ಹೋಗಲಿ, ಕುರ್ಚಿ ಬರುತ್ತೆ! ನಿಮ್ಮಣ್ಣನಿಗಿಂತ ನನ್ನ ಹತ್ರ ಒಂದು ಆನೆ ಜಾಸ್ತಿ ಇದೆ, ಗೊತ್ತಾ?"

"ಇರೋ ಇಬ್ಬರಿಗೇ ಈ ಮನೇಲಿ ಮಲಗೋಕೆ ಜಾಗ ಇಲ್ಲ. ಆನೇನ ಎಲ್ಲಿ ಕಟ್ತೀರೋ ನೋಡಿ" ಎಂದು ಅವಳು ದಿಂಬನ್ನು ಎರಡು ಬಾರಿ ಗುದ್ದಿದಳು. ದಿಂಬಿನ ಮೇಲೆ ಅವಳಿಗೆ ಯಾವ ಸಿಟ್ಟೂ ಇರಲಿಲ್ಲ.

ಕಣ್ಣಳತೆ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ, ಬಜಾರು ಇಟ್ಟದ್ದು. ಟೇಪು ಮುಟ್ಟದೆ, ಕಿಟಕಿಯನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, ಇಷ್ಟು ಅಗಲ ಇಷ್ಟು ಎತ್ತರ ಎಂದುಬಿಡುವನು. ಆಮೇಲೆ ಅಳೆದರೆ ಅಷ್ಟೇ ಇರುತ್ತಿತ್ತು. ಗಾಜಿನ ಹಾಳೆಯಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ರಸ್ತೆಯ ಆಚೆಯಿಂದಲೇ ಹಿಡಿದು, "ಇದನ್ನ ವಾಪಸು ತಗೊಂಡ್ಹೋಗಿ" ಎನ್ನುವ ಕಣ್ಣು ಅದು. ಈ ಕಣ್ಣನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತದೆ. ಅಂದರೆ, ಬರಬೇಕಾದ ಹೊತ್ತಿನಲ್ಲಿ ಬರುವುದಿಲ್ಲ.

ಗಾಜು, ಕನ್ನಡಿಗಳ ಆ ಅಂಗಡಿಯನ್ನು ಕಟ್ಟಿದವರು ಅವನ ಮಾವ. ಅವರು ಕಣ್ಮುಚ್ಚಿದ ಮೇಲೆ ಮಗನೂ ಅಳಿಯನೂ ಸರಿಪಾಲಿನ ಯಜಮಾನರಾದರು. ಮಗ ಎಂದರೆ ಕಣ್ಣಳತೆಯ ಹೆಂಡತಿಯ ಅಣ್ಣ, ಇವನಿಗೆ ಭಾವ. ಅಂಗಡಿಯಲ್ಲಿ ಎಲ್ಲವನ್ನೂ ಎರಡು ಪಾಲು ಮಾಡಬಹುದಿತ್ತು, ಲಾಭವನ್ನು, ನಷ್ಟವನ್ನು, ಗಿರಾಕಿಗಳ ಬೈಗುಳವನ್ನು ಕೂಡ. ಪಾಲಾಗದೆ ಉಳಿದದ್ದು ಮಾವನವರ ಗಲ್ಲಾದ ಕುರ್ಚಿಯೊಂದೇ. ಅದರಲ್ಲಿ ಕೂತರೆ ತಲೆಯ ಮೇಲೆ ಫ್ಯಾನು, ಎದುರಿಗೆ ಬೀದಿ, ಹೋಗಿಬರುವವರ ನಮಸ್ಕಾರ. ಕೂರದವನಿಗೆ ಹಿಂದಿನ ಗೋದಾಮು: ಒಂದು ಟ್ಯೂಬ್‌ಲೈಟು, ಗೋಡೆಗೊರಗಿಸಿದ ಕನ್ನಡಿಗಳು, ಪ್ಯಾಕಿಂಗಿನ ಒಣಹುಲ್ಲು, ಮತ್ತು ಅದರ ಧೂಳಿಗೆ ಬರುವ ಸೀನು.

ಷಟರು ಮೊದಲು ಎತ್ತಿದವನಿಗೆ ಆ ದಿನದ ಕುರ್ಚಿ ಎಂದು ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಭಾವ ಒಂಬತ್ತಕ್ಕೆ ಬಂದರೆ ಇವನು ಎಂಟಕ್ಕೆ. ಇವನು ಎಂಟಕ್ಕೆ ಬಂದರೆ ಅವರು ಏಳಕ್ಕೆ. ಕೊನೆಕೊನೆಗೆ ಜಗತ್ತಿನಲ್ಲಿ ಸೂರ್ಯನಿಗಿಂತ ಮೊದಲು ಏಳುವ ಗಾಜಿನಂಗಡಿ ಇದೊಂದೇ ಎಂಬ ಕೀರ್ತಿ ಬಂತು. ಓಡುವ ವ್ಯಾಯಾಮಕ್ಕೆ ಹೊರಟವರು ಒಳಗೆ ಇಣುಕಿ "ಹಾಲು ಬಂತಾ?" ಎಂದು ಕೇಳತೊಡಗಿದರು. ಷಟರಿನ ಸದ್ದಿಗೆ ಮಹಡಿಯ ಮೇಲಿನ ದರ್ಜಿಯ ಮಗು ಬೆಚ್ಚಿ ಅಳುವುದು, ದರ್ಜಿ ಕಿಟಕಿ ತೆರೆದು ಇಬ್ಬರ ವಂಶಾವಳಿಯನ್ನೂ ಜಾಲಾಡುವುದು ದಿನದ ಕಾರ್ಯಕ್ರಮವಾಯಿತು.

"ನೀವಿಬ್ಬರೂ ಹೇಗೂ ಚದುರಂಗ ಆಡ್ತೀರಲ್ಲ" ಎಂದು ಕೊನೆಗೆ ಹೆಂಡತಿಯೇ ಹೇಳಿದ್ದಳು. "ಒಂದು ಆಟ ಆಡಿ ತೀರ್ಮಾನ ಮಾಡ್ಕೊಳ್ಳಿ. ಆ ಮಗುವಾದ್ರೂ ಮಲಗಲಿ."

ಒಪ್ಪಂದವಾಯಿತು. ಗೆದ್ದವನಿಗೆ ಕುರ್ಚಿ, ಸೋತವನಿಗೆ ಗೋದಾಮು, ಅದೂ ಕಾಯಂ. ಆಟ ಮುಗಿಯುವವರೆಗೆ ಯಾವ ಮನುಷ್ಯನ ಸಲಹೆಯನ್ನೂ ಕೇಳಕೂಡದು. ಕಣ್ಣಳತೆಯ ಮನೆಯ ಹಾಲಿನಲ್ಲಿ ಭಾನುವಾರ ಆಟ ಶುರುವಾಗಿ, ಕತ್ತಲಾದರೂ ಮುಗಿಯದೆ, ಮುಂದಿನ ಭಾನುವಾರಕ್ಕೆ ನಿಂತಿತು. ಹಲಗೆ ಸ್ಟೂಲಿನ ಮೇಲೆ ಇದ್ದಂತೆಯೇ ಇರತಕ್ಕದ್ದು. ಮುಂದಿನ ನಡೆ ಕಣ್ಣಳತೆಯದು.

ಆಟದ ಸ್ಥಿತಿಯನ್ನು ಚದುರಂಗ ಬಾರದವರಿಗೂ ಹೇಳಿಬಿಡಬಹುದು. ಕಣ್ಣಳತೆಯ ಹಳದಿ ಕಾಲಾಳುಗಳು ಎಂಟೂ, ಭಾವನ ಕೆಂಪು ಕಾಲಾಳುಗಳು ಎಂಟೂ ಹಲಗೆಯ ನಡುವೆ ಈ ಅಂಚಿನಿಂದ ಆ ಅಂಚಿನವರೆಗೆ ಮೂಗಿಗೆ ಮೂಗು ತಾಗಿಸಿ ನಿಂತಿದ್ದವು. ಒಂದೂ ಮುಂದೆ ಹೋಗುವಂತಿಲ್ಲ, ಹಿಂದೆ ಬರುವುದಂತೂ ಕಾಲಾಳಿಗೆ ಗೊತ್ತೇ ಇಲ್ಲ. ಊರಗಲದ ಗೋಡೆ! ಗೋಡೆ ಹಾರಬಲ್ಲ ಕುದುರೆಗಳು ಎರಡೂ ಕಡೆ ಮೊದಲೇ ಸತ್ತಿದ್ದವು. ಕಣ್ಣಳತೆಯ ಬಳಿ ಒಂದು ಆನೆ ಹೆಚ್ಚಿತ್ತು, ನಿಜ. ಆದರೆ ಬಾಗಿಲಿಲ್ಲದ ಗೋಡೆಯ ಮುಂದೆ ಆನೆ ಒಂದಿದ್ದರೇನು, ಹತ್ತಿದ್ದರೇನು? ಅವನ ಎರಡು ಒಂಟೆಗಳಲ್ಲಿ ಒಂದಂತೂ ತನ್ನದೇ ಕಾಲಾಳುಗಳ ಹಿಂದೆ ಸೆರೆಯಾಗಿ ಕೂತಿತ್ತು. ಒಂಟೆ ಓರೆಯಾಗಿ ನಡೆಯುವ ಪ್ರಾಣಿ. ಕಪ್ಪು ಮನೆಯಲ್ಲಿ ಹುಟ್ಟಿದ ಒಂಟೆ ಕಪ್ಪು ಮನೆಯಲ್ಲೇ ಸಾಯಬೇಕು, ಬಿಳಿ ಮನೆಯದು ಬಿಳಿಯಲ್ಲೇ. ಒಬ್ಬೊಬ್ಬರಿಗೆ ಕಪ್ಪಿನದೊಂದು, ಬಿಳಿಯದೊಂದು. ಆಟ ಕಲಿಯುವವನಿಗೆ ಮೊದಲ ದಿನವೇ ಹೇಳಿಕೊಡುವ ಸಂಗತಿಯಿದು.

ಸೋಮವಾರ ಬೆಳಗ್ಗೆ ಕಣ್ಣಳತೆ ಸೋಫಾದಲ್ಲಿ ಕಾಲು ಚಾಚಿ ಫೋನಿನೊಳಗೆ ಚದುರಂಗದ ಯಂತ್ರವೊಂದನ್ನು ಇಳಿಸಿಕೊಳ್ಳುತ್ತಿದ್ದ. ಕ್ಷಣಕ್ಕೆ ಲಕ್ಷ ನಡೆಗಳನ್ನು ಎಣಿಸುತ್ತದಂತೆ! ಒಪ್ಪಂದದಲ್ಲಿ ಇದ್ದದ್ದು ಮನುಷ್ಯನನ್ನು ಕೇಳಬಾರದೆಂದು. ಫೋನು ಮನುಷ್ಯನೇ? ಅಲ್ಲ. ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನಿಗೆ ಮಾತಿನಲ್ಲಿ ಸಂದು ಹುಡುಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಂಡತಿ ಬಟ್ಟೆ ಹಿಡಿದು ಸ್ಟೂಲು ಒರೆಸುತ್ತಿದ್ದಳು.

"ರೀ, ಬಟ್ಟೆ ತಗುಲಿ ಒಂದು ಒಂಟೆ ಬಿತ್ತು. ಇದ್ದ ಕಡೇನೇ ಇಟ್ಟಿದೀನಿ ಅನ್ಕೋತೀನಿ. ಒಂದ್ಸಲ ನೋಡ್ಬಿಡಿ."

"ಹ್ಞೂಂ."

"ನೋಡಿದ್ರಾ?"

"ಹ್ಞೂಂ."

ಗಾಜಿನ ಗೀರನ್ನು ರಸ್ತೆಯಾಚೆಯಿಂದ ಹಿಡಿಯುವ ಕಣ್ಣು ಎರಡು ಮಾರು ದೂರದ ಸ್ಟೂಲಿನತ್ತ ತಿರುಗಲಿಲ್ಲ. ಫೋನಿನಲ್ಲಿ ಯಂತ್ರ ಇಳಿಯುತ್ತಿತ್ತು. ಆ ನೀಲಿ ಗೆರೆ ತುಂಬುವುದನ್ನು ನೋಡುವುದೇ ಒಂದು ಆನಂದ!

ಗೆರೆ ತುಂಬಿದ ಮೇಲೆ ಅವನು ಹಲಗೆಯ ಮುಂದೆ ಕೂತು, ಒಂದೊಂದೇ ಕಾಯಿಯನ್ನು ಇದ್ದದ್ದು ಇದ್ದ ಹಾಗೆ ಫೋನಿನೊಳಗೆ ಜೋಡಿಸಿದ. ಯಂತ್ರ ಎರಡು ಕ್ಷಣ ಯೋಚಿಸಿತು. 'ನೀವು ನಾಲ್ಕು ಅಂಕ ಮುಂದಿದ್ದೀರಿ. ಗೆಲುವು ಖಚಿತ.'

ಕಣ್ಣಳತೆ ಕೂತಲ್ಲಿಂದ ಅರ್ಧ ಅಡಿ ಮೇಲೆ ತೇಲಿದ. ಒಂಟೆಯೊಂದು ಗೋಡೆಯ ಕಾಲಾಳನ್ನು ಹೊಡೆದು ಪ್ರಾಣ ಕೊಡಬೇಕು, ಹಿಂದೆಯೇ ಇನ್ನೊಂದು ಒಂಟೆ ಅದೇ ಕಂಡಿಯಿಂದ ನುಗ್ಗಬೇಕು, ಆಮೇಲೆ ಆನೆ, ಆಮೇಲೆ ಭಾವನ ರಾಜ ಮೂಲೆಯಲ್ಲಿ ಗೊಟಕ್! ಎಂಥ ಬುದ್ಧಿ! ಎರಡು ಒಂಟೆಗಳು ಒಂದೇ ಕಂಡಿಗೆ ಹೇಗೆ ಬಂದವು ಎಂದು ಯಂತ್ರ ಕೇಳಲಿಲ್ಲ. ಅದಕ್ಕೆ ನಿನ್ನೆ ಎಂಬುದೇ ಇಲ್ಲ; ತನ್ನ ಮುಂದೆ ಏನಿಟ್ಟರೂ ಆಟ ಆ ಕ್ಷಣದಲ್ಲೇ ಹುಟ್ಟಿತು ಎಂದುಕೊಂಡು ಎಣಿಸುತ್ತದೆ. ನಿನ್ನೆ ಎಂಬುದಿದ್ದ ಕಣ್ಣಳತೆಯಾದರೂ ಕೇಳಬಹುದಿತ್ತು. ಆದರೆ ಲೆಕ್ಕ ತನ್ನ ಕಡೆಗಿರುವಾಗ ಅದನ್ನು ತಾಳೆ ನೋಡುವ ವ್ಯಾಪಾರಿಯನ್ನು ನಾವಿನ್ನೂ ಕಂಡಿಲ್ಲ.

ಆ ವಾರವೆಲ್ಲ ಅವನು ಆ ನಡೆಗಳನ್ನು ಮಗ್ಗಿಯಂತೆ ಉರುಹೊಡೆದ. ಸ್ನಾನದ ಕೋಣೆಯಿಂದ "ಒಂಟೆ ಹೊಡಿ, ಒಂಟೆ ನುಗ್ಗು, ಆನೆ ಏರು!" ಎಂಬ ರಣಘೋಷ ಕೇಳುತ್ತಿತ್ತು. ಗೋದಾಮಿನಲ್ಲಿ ಅದನ್ನೇ ಗುನುಗುತ್ತಾ, ಸಲೂನಿನವನಿಗೆ ಅಡ್ಡ ಕೊಯ್ಯಬೇಕಿದ್ದ ಕನ್ನಡಿಯನ್ನು ಉದ್ದ ಕೊಯ್ದ. ಸಲೂನಿನವನು ಅದನ್ನು ಗೋಡೆಗೆ ಹಿಡಿದು ನೋಡಿ, "ಇದರಲ್ಲಿ ಗಿರಾಕಿಗೆ ಅವನ ತಲೆ ಬಿಟ್ಟು ನನ್ನ ಹೊಟ್ಟೆ ಕಾಣುತ್ತೆ ಸ್ವಾಮಿ! ನಾನು ಏನು ಬೋಳಿಸಲಿ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಕಣ್ಣಳತೆಯ ಅಳತೆ ತಪ್ಪಿತು ಎಂದು ಬಜಾರು ಮೊದಲ ಬಾರಿಗೆ ಹುಬ್ಬೇರಿಸಿತು. ಕಣ್ಣಳತೆ ನಕ್ಕುಬಿಟ್ಟ. ನಾಲ್ಕು ಅಂಕ ಮುಂದಿರುವವನಿಗೆ ಒಂದು ಕನ್ನಡಿ ಯಾವ ಲೆಕ್ಕ?

ಗುರುವಾರ ಅನ್ನ ಬಡಿಸುತ್ತಾ ಹೆಂಡತಿ ಮಾತು ತೆಗೆದಳು.

"ಅಣ್ಣ ಫೋನ್ ಮಾಡಿದ್ದ. ಈ ಆಟದಲ್ಲಿ ಯಾರೂ ಯಾರ ಮನೆಗೂ ನುಗ್ಗೋಕಾಗಲ್ವಂತೆ. ಸಮ ಅಂತ ಕೈ ಕುಲುಕಿಬಿಡೋಣ, ಗಲ್ಲಾ ಹತ್ರ ಇನ್ನೊಂದು ಕುರ್ಚಿ ಹಾಕ್ಕೊಂಡು ಇಬ್ಬರೂ ಕೂತ್ಕೊಳ್ಳೋಣ ಅಂದ. ಏನು ಹೇಳಲಿ?"

ಈ ಮಾತು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಹ್ಹಹ್ಹಹ್ಹಾ! ನೋಡಿದ್ಯಾ? ಹೆದರಿದ್ದಾರೆ! ಸೋಲೋನಿಗೇ ಸಮ ಬೇಕಾಗೋದು!"

"ಹೆದರಿದ ಹಾಗೆ ಕೇಳಿಸ್ಲಿಲ್ಲ ನನಗೆ. ಸಾಕಾದ ಹಾಗೆ ಕೇಳಿಸ್ತು. ಅಪ್ಪ ಹೋದ ಮೇಲೆ ಅವನು ಇಷ್ಟು ಮೆತ್ತಗೆ ಮಾತಾಡಿದ್ದು ಇದೇ ಮೊದಲು."

"ನಾನು ನಾಲ್ಕು ಅಂಕ ಮುಂದಿದ್ದೀನಿ ಕಣೇ!"

"ಯಾರು ಹೇಳಿದ್ದು?"

ಕಣ್ಣಳತೆ ಗಾಂಭೀರ್ಯದಿಂದ ಅನ್ನ ಕಲಸಿದ. "ನನಗೆ ಗೊತ್ತು."

"ಅವನು ನಾಲ್ಕು ಹೆಜ್ಜೆ ಮುಂದೆ ಬಂದ, ನೀವು ನಾಲ್ಕು ಅಂಕ ಮುಂದೆ ಹೋದ್ರಿ. ಚೆನ್ನಾಗಿದೆ" ಎಂದು ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಸೌಟು ಠಣ್ಣೆಂದಿತು. ಆ ಮನೆಯಲ್ಲಿ ಅವಳ ಅಭಿಪ್ರಾಯಗಳನ್ನೆಲ್ಲ ಪಾತ್ರೆಗಳೇ ಹೇಳುತ್ತಿದ್ದವು.

ಭಾನುವಾರ ಭಾವ ಬಂದರು. ತಂಗಿ ಕೊಟ್ಟ ಕಾಫಿಯನ್ನು ಊದುತ್ತಾ ಸ್ಟೂಲಿನ ಮುಂದೆ ಕೂತರು.

"ಏನಯ್ಯಾ, ಸಮ ಬೇಡ ಅಂದ್ಯಂತೆ?"

"ವ್ಯಾಪಾರದಲ್ಲಿ ಸಮ ಅನ್ನೋದು ಎಲ್ಲಿದೆ ಭಾವ? ಲಾಭ, ಇಲ್ಲ ನಷ್ಟ."

"ಸರಿ, ನಡೆಸು ಹಾಗಾದ್ರೆ."

ಕಣ್ಣಳತೆ ಅಂಗಿಯ ತೋಳು ಮಡಿಸಿದ. ಬೆರಳು ಲಟಿಕೆ ಮುರಿದ. ಒಂಟೆಯ ಕತ್ತು ಹಿಡಿದು ಎತ್ತಿ, ಕೋಟೆಯ ಮೇಲೆ ಗುಂಡು ಹಾರಿಸುವವನಂತೆ, ಕೆಂಪು ಕಾಲಾಳಿನ ಜಾಗದಲ್ಲಿ ಠಪ್ಪೆಂದು ಕುಕ್ಕಿದ!

"ತಗೊಳ್ಳಿ ಭಾವ! ಒಂಟೆ ದಾನ! ಹೊಡೀರಿ!"

ಭಾವ ಹೊಡೆಯಲಿಲ್ಲ. ಕಾಫಿಯ ಲೋಟ ತುಟಿಯ ಹತ್ತಿರ ನಿಂತಿತು. ಅವರು ಎಣಿಸಲಿಲ್ಲ, ಬೆರಳಾಡಿಸಲಿಲ್ಲ. ಊರಿಂದ ಬಂದವನು ಬಾಗಿಲು ತೆಗೆದ ಕೂಡಲೇ ಮನೆಯೊಳಗೆ ಬೇರೆ ಯಾರೋ ಓಡಾಡಿದ್ದಾರೆ ಎಂದು ಮೂಗಿನಲ್ಲೇ ತಿಳಿದುಕೊಳ್ಳುವುದಿಲ್ಲವೇ, ಹಾಗೆ ಹಲಗೆಯನ್ನು ನೋಡಿದರು.

"ಇದು ಯಾವ ಆಟ?"

"ಅದೇ ಆಟ ಭಾವ. ಹೋದ ಭಾನುವಾರದ್ದೇ."

"ಅಲ್ಲ. ಹೋದ ಭಾನುವಾರ ನಿನ್ನ ಈ ಒಂಟೆ ನಿನ್ನ ಕಾಲಾಳುಗಳ ಹಿಂದೆ ಕೂತ್ಕೊಂಡು ಕೊಳೀತಿತ್ತು. ಅದು ಹೊರಗೆ ಬರಬಾರದು ಅಂತಲೇ ನಾನು ಅರ್ಧ ದಿನ ಕೂತು ಗೋಡೆ ಕಟ್ಟಿದ್ದು. ಇವತ್ತು ಅದು ಗಾಳಿಸವಾರಿ ಹೊರಟಿದೆ." ಭಾವ ಲೋಟವನ್ನು ಕೆಳಗಿಟ್ಟರು. "ನಿನ್ನ ಎರಡು ಒಂಟೆನೂ ಬಿಳಿ ಮನೆ ಮೇಲೆ ನಡೀತಿವೆ. ಒಂದು ಕಪ್ಪು ಮನೇದು ಇತ್ತಲ್ಲ, ಅದೆಲ್ಲಿ ಹೋಯ್ತು?"

ಕಣ್ಣಳತೆ ಹಲಗೆ ನೋಡಿದ. ವಾರದಲ್ಲಿ ಮೊದಲ ಬಾರಿಗೆ ಕಣ್ಣಿಟ್ಟು ನೋಡಿದ! ಈ ಒಂಟೆ ಬಿಳಿ ಮನೆಯಿಂದ ಹೊರಟದ್ದು. ಆ ಒಂಟೆಯೂ ಬಿಳಿ ಮನೆಯಲ್ಲಿದೆ. ಅಯ್ಯಯ್ಯೋ! ಸೋಮವಾರದ ಬೆಳಗು, ಒರೆಸುವ ಬಟ್ಟೆ, ತಾನು ಎರಡು ಬಾರಿ ಅಂದ ಹ್ಞೂಂ, ಎಲ್ಲವೂ ಒಟ್ಟಿಗೆ ನೆನಪಾದವು.

"ಯಾರಾದ್ರೂ ಮುಟ್ಟಿದ್ರಾ?" ಎಂದರು ಭಾವ. "ಇಲ್ಲ ನೀನೇ ಇಟ್ಟೆಯಾ?"

ಈಗ ಕಣ್ಣಳತೆಯ ತಲೆಯೊಳಗಿನ ತಕ್ಕಡಿ ತೂಗತೊಡಗಿತು. 'ಗೊತ್ತಾಗಲಿಲ್ಲ' ಎಂದರೆ ಏನಾಗುತ್ತದೆ? ಎರಡು ಒಂಟೆ ಒಂದೇ ಬಣ್ಣದ ಮನೆಯಲ್ಲಿದ್ದದ್ದು ಒಂದು ವಾರ ಕಾಣದ ದಡ್ಡನೆಂದು ಬಜಾರೆಲ್ಲ ಹಬ್ಬುತ್ತದೆ. ನಾಳೆಯಿಂದ ಗಾಜು ಕಳಿಸುವವರ ಒಡಕು ಹಾಳೆಗಳೆಲ್ಲ ಅವನ ಅಂಗಡಿಗೇ ದಾರಿ ಹುಡುಕಿಕೊಂಡು ಬರುತ್ತವೆ. ಸಲೂನಿನವನು ಬೇರೆ ಮೊದಲೇ ಸಾರಿಕೊಂಡು ಬಂದಿದ್ದಾನೆ! 'ನಾನೇ ಇಟ್ಟೆ' ಎಂದರೆ? ಮೋಸಗಾರ ಎನ್ನುತ್ತಾರೆ. ಬಜಾರಿನಲ್ಲಿ ಅದಕ್ಕೆ ಚಾಲಾಕಿ ಎಂದೂ ಹೆಸರುಂಟು. ಬೈಯುತ್ತಾರೆ, ಬೈಯುತ್ತಲೇ ಪಕ್ಕದಲ್ಲಿ ಜಾಗ ಕೊಡುತ್ತಾರೆ. ತಕ್ಕಡಿ ಒಂದು ಕಡೆಗೆ ವಾಲಿತು.

"ನಾನೇ ಇಟ್ಟೆ!" ಎಂದ ಕಣ್ಣಳತೆ ಎದೆಯುಬ್ಬಿಸಿ. "ಏನೀಗ? ನೀವು ಕಂಡುಹಿಡೀತೀರೋ ಇಲ್ವೋ ಅಂತ ನೋಡ್ದೆ!"

ಅಡುಗೆಮನೆಯಲ್ಲಿ ಯಾವ ಪಾತ್ರೆಯೂ ಸದ್ದು ಮಾಡಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಭಾವ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದರು. ಹಲಗೆಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು.

"ಬಡಗಿಗೆ ಹೇಳಿ ಇನ್ನೊಂದು ಕುರ್ಚಿ ಮಾಡಿಸಿದ್ದೆ" ಎಂದರು. "ನಿನ್ನ ಬೆನ್ನು ನೋವಿಗೆ ಅಂತ ಹಿಂದೆ ಸ್ವಲ್ಪ ಎತ್ತರ ಇಡಿಸಿದ್ದೆ. ನಾಳೆ ಬರುತ್ತೆ. ಗೋದಾಮಿಗೆ ಹಾಕಿಸ್ತೀನಿ."

ಎದ್ದು ಹೋದರು. ಕಾಫಿ ಅರ್ಧ ಹಾಗೇ ಉಳಿಯಿತು.

"ಇಟ್ಟಿದ್ದು ನಾನು" ಎಂದಳು ಹೆಂಡತಿ.

"ಗೊತ್ತು."

"ನೋಡಿ ಅಂತ ಹೇಳಿದ್ದೆ."

"ಗೊತ್ತು!"

"ಮತ್ತೆ ನಾನೇ ಇಟ್ಟೆ ಅಂತ ಯಾಕೆ ಕುಣಿದ್ರಿ?"

ಕಣ್ಣಳತೆ ಸೋಫಾದ ಮೇಲೆ ಕುಸಿದ. ಗಲ್ಲಾದಲ್ಲಿ ಎರಡು ಕುರ್ಚಿ, ಎತ್ತರದ ಬೆನ್ನು, ತಲೆಯ ಮೇಲೆ ಫ್ಯಾನು... ಎಲ್ಲವೂ ಕಣ್ಣ ಮುಂದೆಯೇ ನಡೆದುಕೊಂಡು ಹೋದವು. "ಫೋನ್ ಮಾಡೇ" ಎಂದ ಸಣ್ಣ ದನಿಯಲ್ಲಿ. "ನಿಮ್ಮಣ್ಣನಿಗೆ ಹೇಳು. ನಾನು ಮೋಸಗಾರ ಅಲ್ಲ ಅಂತ ಹೇಳು."

"ಮತ್ತೇನು ಅಂತ ಹೇಳಲಿ?"

ಅವನು ನೆಲ ನೋಡಿದ. "ದಡ್ಡ ಅಂತ."

ಮದುವೆಯಾದಾಗಿನಿಂದ ಅವಳು ಕಾದಿದ್ದ ಅಪ್ಪಣೆ ಅದು. ಆದರೆ ಬಂದ ಹೊತ್ತು ಎಂಥದೆಂದರೆ, ಅವಳಿಗೆ ಅದರಲ್ಲಿ ಯಾವ ಸುಖವೂ ಸಿಗಲಿಲ್ಲ. ಫೋನಿನ ಸ್ಪೀಕರು ಹಾಕಿ ಎಲ್ಲವನ್ನೂ ಹೇಳಿದಳು. ಬಟ್ಟೆ ತಗುಲಿದ್ದು, ಒಂಟೆ ಬಿದ್ದದ್ದು, ಗಂಡ ಅಲ್ಲೇ ಪಿಸುಗುಟ್ಟಿ ಒಪ್ಪಿಕೊಂಡಂತೆ, ಫೋನಿನ ಯಂತ್ರದ ಮಾತನ್ನು ಬಾಯಿಪಾಠ ಮಾಡಿದ್ದು. "ಮೋಸ ಅಲ್ಲ ಅಣ್ಣಾ. ಇವರು ದಡ್ಡರು, ಅಷ್ಟೇ." ಪಕ್ಕದಲ್ಲಿ ಕಣ್ಣಳತೆ ಹೌದು ಹೌದೆಂದು ತಲೆಯಾಡಿಸುತ್ತಿದ್ದ.

"ಗೊತ್ತಮ್ಮಾ" ಎಂದಿತು ಭಾವನ ದನಿ. "ಅಲ್ಲೇ ಗೊತ್ತಾಯ್ತು. ಮೋಸ ಮಾಡೋನು ಯಾರಾದ್ರೂ ಒಂಟೇನ ಅಲ್ಲಿಡ್ತಾನಾ? ಮೋಸ ಮಾಡೋಕೂ ಆಟ ಗೊತ್ತಿರ್ಬೇಕು. ಇದು ಒರೆಸೋ ಬಟ್ಟೆ ಕೆಲಸ ಅಂತ ನೋಡಿದ ಕೂಡ್ಲೇ ತಿಳೀತು. ಅದಕ್ಕೇ ಯಾರಾದ್ರೂ ಮುಟ್ಟಿದ್ರಾ ಅಂತ ಕೇಳಿದ್ದು. ಹ್ಞೂಂ ಅಂದಿದ್ರೆ ಒಂಟೇನ ವಾಪಸು ಇಟ್ಟು, ಕೈ ಕುಲುಕಿ, ಕುರ್ಚಿ ತಂದು ಹಾಕ್ತಿದ್ದೆ."

"ಗೊತ್ತಿದ್ದೂ ಸಿಟ್ಟು ಯಾಕಣ್ಣಾ ಹಾಗಾದ್ರೆ?"

"ದಡ್ಡನ ಪಕ್ಕ ಕೂತು ವ್ಯಾಪಾರ ಮಾಡಬಹುದಮ್ಮಾ, ಇಷ್ಟು ವರ್ಷ ಮಾಡ್ಲಿಲ್ವಾ? ದಡ್ಡ ಅನ್ನಿಸ್ಕೊಳ್ಳೋಕಿಂತ ಮೋಸಗಾರ ಅನ್ನಿಸ್ಕೊಳ್ಳೋದೇ ವಾಸಿ ಅಂತ ಲೆಕ್ಕ ಹಾಕಿದ್ನಲ್ಲ, ಆ ಲೆಕ್ಕದೋನ ಪಕ್ಕ ಹೇಗೆ ಕೂರ್ಲಿ ಹೇಳು?"

ಫೋನು ಕಟ್ಟಾಯಿತು. ವಾರವೆಲ್ಲ ಹ್ಞೂಂ ಎಂದವನಿಗೆ ಬೇಕಾದ ಒಂದು ಹ್ಞೂಂ ಬಾಯಿಗೆ ಬಂದಿರಲಿಲ್ಲ.

ಸೋಮವಾರ ಹೊಸ ಕುರ್ಚಿ ಗೋದಾಮಿಗೆ ಬಂತು. ಕೂತರೆ ಬೆನ್ನಿಗೆ ಅಳತೆ ಹಿಡಿದು ಮಾಡಿದಂತಿತ್ತು. ಭಾವನ ಕಣ್ಣಳತೆಯೂ ಕಡಿಮೆಯದಲ್ಲ. ಪಾಲಿಶಿನ ವಾಸನೆ ಇನ್ನೂ ಆರಿರಲಿಲ್ಲ. ಗೋಡೆಯುದ್ದಕ್ಕೂ ಕನ್ನಡಿಗಳು ಒರಗಿದ್ದವು. ಯಾವ ಕಡೆ ತಿರುಗಿದರೂ ಒಬ್ಬ ಕಣ್ಣಳತೆ ಕೂತು ಇವನನ್ನೇ ನೋಡುತ್ತಿದ್ದ. ಷಟರು ಅವತ್ತು ಒಂಬತ್ತಕ್ಕೆ ಎದ್ದಿತ್ತು. ದರ್ಜಿಯ ಮಗು ಹಾಯಾಗಿ ಮಲಗಿತ್ತು. ಒಪ್ಪಂದದಿಂದ ಲಾಭವಾದದ್ದು ಅದೊಂದಕ್ಕೇ.

ಕನ್ನಡಿಯೊಳಗಿನ ಅವರನ್ನೆಲ್ಲ ನೋಡುವುದನ್ನು ತಪ್ಪಿಸಿಕೊಳ್ಳಲು ಅವನು ಫೋನು ತೆಗೆದ. ಒಂಟೆಯನ್ನು ಈ ಸಲ ಅದರ ಸ್ವಂತ ಕಪ್ಪು ಮನೆಗೆ ಕಳಿಸಿ ಯಂತ್ರವನ್ನು ಕೇಳಿದ. 'ನೀವು ಎರಡು ಅಂಕ ಮುಂದಿದ್ದೀರಿ.' ಆಹಾ! ಭಾವ ಸಮ ಎಂದದ್ದು ಸುಳ್ಳು ಹಾಗಾದರೆ! ಎರಡೂ ಕಡೆ ನೀನೇ ಆಡಿ ತೋರಿಸು ಎಂದು ಯಂತ್ರಕ್ಕೆ ಬಿಟ್ಟ. ಯಂತ್ರ ಆನೆಯನ್ನು ಎಡಕ್ಕೆ ಸರಿಸಿತು. ಎರಡು ಅಂಕ ಮುಂದು. ಆನೆಯನ್ನು ಬಲಕ್ಕೆ ಸರಿಸಿತು. ಎರಡು ಅಂಕ ಮುಂದು. ಮತ್ತೆ ಎಡಕ್ಕೆ. ಗೋಡೆ ಹಾಗೇ ನಿಂತಿತ್ತು. ಆನೆ ಬೋನಿನಲ್ಲಿ ಅತ್ತಿತ್ತ ಓಡಾಡುವಂತೆ ಓಡಾಡುತ್ತಲೇ ಇತ್ತು. ಪ್ರತಿ ನಡೆಗೂ ಯಂತ್ರ ಅಷ್ಟೇ ಉತ್ಸಾಹದಿಂದ ಗೆಲ್ಲುತ್ತಿತ್ತು. ಮಧ್ಯಾಹ್ನವಾದರೂ ಗೆಲ್ಲುತ್ತಿತ್ತು.

ಹೆಂಡತಿ ಊಟದ ಡಬ್ಬಿ ಹಿಡಿದು, ಮುಂದೆ ಗಲ್ಲಾದ ಬಳಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದಳು.

"ಏನಂತೆ ನಿಮ್ಮ ಯಂತ್ರ?"

"ಎರಡು ಅಂಕ ಮುಂದಿದ್ದೀನಂತೆ" ಎಂದ ಅವನು, ತಲೆಯೆತ್ತದೆ.

"ಮುಂದಿರೋರು ಹಿಂದೆ ಯಾಕೆ ಕೂತಿದ್ದೀರಿ?" ಡಬ್ಬಿಯನ್ನು ಹುಲ್ಲಿನ ಮೇಲಿಟ್ಟಳು. ದನಿ ತಗ್ಗಿಸಿದಳು. "ರೀ, ಅಣ್ಣನ ಸಿಟ್ಟು ಸ್ವಲ್ಪ ಇಳಿದಿದೆ. ಈಗಲೇ ಹೊರಗೆ ಬಂದು 'ಭಾವ, ನನಗೆ ಗೊತ್ತಾಗ್ಲಿಲ್ಲ' ಅಂತ ಒಂದೇ ಒಂದು ಮಾತು ಅನ್ಲಿ, ಕುರ್ಚಿ ಮುಂದಕ್ಕೆ ಹಾಕ್ಸಿಬಿಡ್ತೀನಿ ಅಂದ. ಬರ್ತೀರಾ?"

ಆನೆ ಎಡಕ್ಕೆ ಹೋಯಿತು.

"ಹ್ಞೂಂ."

ಅವಳು ಕಾದಳು. ಆನೆ ಬಲಕ್ಕೆ ಹೋಯಿತು. ಹುಲ್ಲು ಸರಸರ ಎಂದಿತು, ಗೋದಾಮಿನ ಬಾಗಿಲು ಮುಚ್ಚಿಕೊಂಡಿತು.

ಬಾಗಿಲ ಸದ್ದಿಗೆ ಕಣ್ಣಳತೆ ತಲೆಯೆತ್ತಿದ. "ಏನಂದೆ?"

ಗೋಡೆಯುದ್ದಕ್ಕೂ ಕನ್ನಡಿಗಳಲ್ಲಿ ಕೂತಿದ್ದ ಕಣ್ಣಳತೆಗಳೆಲ್ಲ ಬಾಯಿ ತೆರೆದು ಒಬ್ಬರನ್ನೊಬ್ಬರು ಅದನ್ನೇ ಕೇಳಿದರು. ಅಷ್ಟು ಜನರಲ್ಲಿ ಒಬ್ಬನೂ ಕೇಳಿಸಿಕೊಂಡಿರಲಿಲ್ಲ.